ನರ್ಸಿಂಗ್ ಓದುವಾಗಿನ ‘ಟೆನ್ಷನ್’: ಒಂದೇ ಹೆಸರಿನ ಮೂರು ತ್ರಾಸು

ಮೊದಲ ವರ್ಷದ ಮೆಡಿಕಲ್ ವಾರ್ಡ್ ಪೋಸ್ಟಿಂಗ್‌ನಲ್ಲಿ ನಾನೊಂದು ಸುಳ್ಳು ಬರೆದೆ. ಆರನೇ ಬೆಡ್ಡಿನ ಅಜ್ಜನ ತೋಳಿಗೆ ಕಫ್ ಸುತ್ತಿ, ಬಲ್ಬ್ ಒತ್ತಿ, ಸ್ಟೆಥಾಸ್ಕೋಪ್ ಇಟ್ಟರೆ ಏನೂ ಕೇಳಲಿಲ್ಲ. ಇನ್ನೊಮ್ಮೆ ಒತ್ತಿದೆ. ನನ್ನ ಎದೆಬಡಿತವೇ ನನ್ನ ಕಿವಿ ತುಂಬಿಕೊಂಡಿತ್ತು. “ಕೈ ಜೋಮು ಹಿಡೀತವ್ವ, ಇನ್ನ ಎಷ್ಟೊತ್ತು?” ಅಂದ ಅಜ್ಜ. ಚಾರ್ಟಿನಲ್ಲಿ 120/80 ಅಂತ ಬರೆದು ಮುಂದಿನ ಬೆಡ್ಡಿಗೆ ಹೋಗಿಬಿಟ್ಟೆ. ಅರ್ಧ ತಾಸಿನ ಮೇಲೆ ವಾರ್ಡ್ ಸಿಸ್ಟರ್ ತಾವೇ ನೋಡಿದರೆ ಮೇಲಿನ ಅಂಕಿ 170 ದಾಟಿತ್ತು. ಎಲ್ಲರೆದುರು ಬೈಸಿಕೊಂಡೆ. ಬೈದದ್ದು ಸರಿಯೇ ಇತ್ತು. ಆದರೆ ಅಲ್ಲಿಂದ ಮೂರು ವಾರ, ಬಿಪಿ ನೋಡುವ ಕೆಲಸ ಬಂದಾಗೆಲ್ಲ ಅದನ್ನು ಗೆಳತಿಗೆ ದಾಟಿಸಿ ನಾನು ಹಾಸಿಗೆ ಬದಲಿಸುತ್ತ ನಿಂತೆ. ರಾತ್ರಿ ಮೆಸ್ಸಿಗೆ ಹೋಗುವುದು ಬಿಟ್ಟೆ. ಅವ್ವ ಫೋನಿನಲ್ಲಿ “ಯಾಕ, ಧ್ವನಿ ಸಣ್ಣಗಾಗ್ಯಾದಲ್ಲ?” ಅಂದರೆ, “ಏನಿಲ್ಲಬೇ, ಸ್ವಲ್ಪ ಟೆನ್ಷನ್” ಅನ್ನುತ್ತಿದ್ದೆ.

ಆ ‘ಟೆನ್ಷನ್’ ಅನ್ನೋ ಶಬ್ದದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಲಬುರಗಿಯಲ್ಲಿ ಓದಿ, ಇಲ್ಲೇ ಡ್ಯೂಟಿ ಮಾಡುತ್ತ, ಈಗ ಪೋಸ್ಟಿಂಗ್‌ಗೆ ಬರುವ ಹುಡುಗಿಯರನ್ನು, ಹುಡುಗರನ್ನು ದಿನಾ ನೋಡುತ್ತೇನೆ. ಯಾರನ್ನು ಕೇಳಿದರೂ ಅದೇ ಉತ್ತರ. ಆ ಒಂದು ಶಬ್ದದೊಳಗೆ ಒತ್ತಡ, ಆತಂಕ, ಖಿನ್ನತೆ ಮೂರೂ ಅಡಗಿರುತ್ತವೆ. ಈ ಮೂರಕ್ಕೆ ಮಾಡಬೇಕಾದ್ದು ಬೇರೆ ಬೇರೆ, ಕೆಲವು ಸಲ ಒಂದಕ್ಕೊಂದು ಉಲ್ಟಾ. ಒತ್ತಡ ಇದ್ದವರಿಗೆ ಎರಡು ದಿನ ರಜೆ ಸಿಕ್ಕರೆ ಜೀವ ಬಂದಂತಾಗುತ್ತದೆ. ಆತಂಕ ಇದ್ದವರಿಗೆ ಅದೇ ರಜೆ ಕೊಟ್ಟರೆ ವಾಪಸ್ ಬರುವ ದಿನ ಭಯ ದುಪ್ಪಟ್ಟಾಗಿರುತ್ತದೆ. ಖಿನ್ನತೆ ಇದ್ದವರು ರಜೆಯಲ್ಲಿ ಊರಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ, ಅಷ್ಟೇ. ಅದಕ್ಕೇ ಈ ಬರಹದಲ್ಲಿ ಮೊದಲು ಮೂರನ್ನೂ ಬಿಡಿಸಿ ನೋಡುವುದು, ಆಮೇಲೆ ಒಂದೊಂದಕ್ಕೆ ಏನು ಮಾಡಬೇಕು ಅನ್ನುವುದು.

ಅದಕ್ಕೂ ಮೊದಲು ಒಂದು ಮಾತು. ಇದನ್ನು ಓದುತ್ತಿರುವ ಹೊತ್ತಿನಲ್ಲೇ ಬದುಕು ಬೇಡ ಅನ್ನುವ ಯೋಚನೆ ಸುತ್ತುತ್ತಿದ್ದರೆ, ಓದುವುದು ಆಮೇಲೆ. ರೂಮಿನಲ್ಲಿ ಯಾರಿದ್ದಾರೋ ಅವರನ್ನು ಎಬ್ಬಿಸಿ. ಅವರೆದುರೇ 14416ಕ್ಕೆ ಫೋನ್ ಹಚ್ಚಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಹತ್ತದಿದ್ದರೆ 1800-891-4416. ಜೀವಕ್ಕೆ ಅಪಾಯ ಆಗುವಂಥದ್ದೇನಾದರೂ ಈಗಾಗಲೇ ಮಾಡಿಕೊಂಡಿದ್ದರೆ 108, ಇಲ್ಲವೇ ಸೀದಾ ಕ್ಯಾಶುವಾಲ್ಟಿ.

ಮೊದಲ ಹೆಜ್ಜೆ: ಏಳು ದಿನ ನಿಮ್ಮದೇ ಚಾರ್ಟ್ ಬರೆಯಿರಿ

ಮಂದಿಯ ಟಿಪಿಆರ್ (ಜ್ವರ, ನಾಡಿ, ಉಸಿರು) ಬರೆಯುತ್ತೇವೆ, ನಮ್ಮದು ಬರೆಯುವುದಿಲ್ಲ. ಹಳೆಯ ನೋಟ್‌ಬುಕ್ಕಿನ ಒಂದು ಪುಟ ಸಾಕು. (ಪ್ರೊಸೀಜರ್ ಬುಕ್ಕಿನ ಹಿಂದೆ ಬರೆಯಬೇಡಿ, ಅದು ಸಹಿಗೆ ಹೋಗುತ್ತದೆ. ನಮ್ಮ ಬ್ಯಾಚಿನಲ್ಲಿ ಒಬ್ಬಳು ಹಾಗೆ ಸಿಕ್ಕಿಬಿದ್ದಿದ್ದಳು.) ನಾಲ್ಕು ಕಾಲಂ ಎಳೆಯಿರಿ: ಎಷ್ಟು ತಾಸು ನಿದ್ದೆ ಆಯಿತು, ಎಷ್ಟು ಸಲ ಉಂಡೆ, ಇವತ್ತು ಏನನ್ನು ತಪ್ಪಿಸಿಕೊಂಡೆ, ಯಾವಾಗಲಾದರೂ ಮನಸ್ಸು ಹಗುರ ಅನ್ನಿಸಿತೇ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ. ಕಥೆ ಬರೆಯುವುದು ಬೇಡ. “5 ತಾಸು. ಮಧ್ಯಾಹ್ನ ಬಿಟ್ಟೆ. ಐವಿ (ಸಲೈನ್ ಸೂಜಿ) ಹಾಕೋದು ತಪ್ಪಿಸಿದೆ. ಸಂಜಿಮುಂದ ಮಿರ್ಚಿ ಭಜಿ ತಿನ್ನುವಾಗ ಹಗುರ.” ಇಷ್ಟು.

ವಾರದ ಕೊನೆಗೆ ಕೂತು ನೋಡಿ. ನಿದ್ದೆ-ಊಟದ ಕಾಲಂ ಹಾಳಾಗಿದೆ, ಆದರೆ ಹಗುರದ ಕಾಲಂನಲ್ಲಿ ಏನಾದರೂ ಇದೆ ಅಂದರೆ ಅದು ಹೆಚ್ಚಾಗಿ ಒತ್ತಡ. ಕಾರಣ ಹೊರಗಿದೆ, ಕೈಗೆ ಸಿಗುವಂತಿದೆ. ತಪ್ಪಿಸಿಕೊಂಡದ್ದರ ಕಾಲಂ ತುಂಬಿ ತುಳುಕುತ್ತಿದ್ದರೆ ಆತಂಕ. ಹಗುರದ ಕಾಲಂ ಏಳಕ್ಕೆ ಏಳೂ ದಿನ ಖಾಲಿ, ಮುಂದಿನ ವಾರವೂ ಖಾಲಿ ಅಂದರೆ ಖಿನ್ನತೆಯನ್ನು ಅನುಮಾನಿಸಬೇಕು. ಖಿನ್ನತೆ ಅಂತ ಹೇಳಲು ವೈದ್ಯರು ನೋಡುವುದೂ ಎರಡು ವಾರವನ್ನೇ: ದಿನದ ಬಹುಪಾಲು ಬೇಸರ, ಇಲ್ಲವೇ ಮೊದಲು ಇಷ್ಟ ಇದ್ದದ್ದರಲ್ಲಿ ಯಾವುದರಲ್ಲೂ ಮನಸ್ಸು ಇಲ್ಲ. ಅದರ ಜೊತೆಗೆ ನಿದ್ದೆ, ಹಸಿವು, ಸುಸ್ತು, ಗಮನ ನಿಲ್ಲದಿರುವುದು, ತಾನು ಯಾವುದಕ್ಕೂ ಬರುವುದಿಲ್ಲ ಅನ್ನುವ ಭಾವನೆ, ಸಾವಿನ ಯೋಚನೆ, ಇಂಥ ಲಕ್ಷಣಗಳು. ಮೂರೂ ಒಟ್ಟಿಗೆ ಇರುವುದೂ ಉಂಟು. ಹಾಗಿದ್ದರೆ ಈಗ ಅತಿ ಹೆಚ್ಚು ಕಾಡುತ್ತಿರುವುದು ಯಾವುದೋ ಅದರಿಂದ ಶುರು ಮಾಡಿ.

ಎರಡನೇ ಹೆಜ್ಜೆ: ಡಾಸ್-21 ತುಂಬಿ, ಆದರೆ ಹೆದರಬೇಡಿ

ನಿಮ್ಮ ಸೀನಿಯರ್‌ಗಳು ರಿಸರ್ಚ್ ಪ್ರಾಜೆಕ್ಟ್ ಅಂತ ಹಂಚುವ ಆ ಹಾಳೆ ನೆನಪಿದೆಯಲ್ಲ, ಎಲ್ಲಕ್ಕೂ ಸೊನ್ನೆ ಹಾಕಿ ಕೊಟ್ಟುಬಿಟ್ಟಿದ್ದು? ಅದೇ ಡಾಸ್-21. 1995ರಲ್ಲಿ ಆಸ್ಟ್ರೇಲಿಯಾದ ಲೋವಿಬಾಂಡ್ ಎಂಬ ಇಬ್ಬರು ಸಂಶೋಧಕರು ಮಾಡಿದ 42 ಪ್ರಶ್ನೆಗಳ ಮಾಪಕದ ಚಿಕ್ಕ ರೂಪ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಈ ಸಲ ನಿಮಗಾಗಿ ತುಂಬಿ. ಕಳೆದ ಒಂದು ವಾರದ ಬಗ್ಗೆ 21 ಸಾಲುಗಳಿರುತ್ತವೆ. ಖಿನ್ನತೆಗೆ ಏಳು, ಆತಂಕಕ್ಕೆ ಏಳು, ಒತ್ತಡಕ್ಕೆ ಏಳು. ಪ್ರತಿಯೊಂದಕ್ಕೆ 0ಯಿಂದ 3. ಒಂದೊಂದರ ಏಳನ್ನೂ ಬೇರೆ ಬೇರೆ ಕೂಡಿಸಿ 2ರಿಂದ ಗುಣಿಸಬೇಕು. ಈ ಗುಣಾಕಾರ ಮರೆತು ಆರಾಮಾಗಿ ಇದ್ದೀನಿ ಅಂದುಕೊಂಡವರನ್ನು ನೋಡಿದ್ದೇನೆ.

ಖಿನ್ನತೆ 9ರವರೆಗೆ, ಆತಂಕ 7ರವರೆಗೆ, ಒತ್ತಡ 14ರವರೆಗೆ ಮಾಮೂಲಿ. ಖಿನ್ನತೆ 14, ಆತಂಕ 10, ಒತ್ತಡ 19 ಮುಟ್ಟಿದರೆ ಮಧ್ಯಮ ಮಟ್ಟ. ಆ ಮಟ್ಟದಲ್ಲಿ ಒಬ್ಬರೇ ಕೂತು ಸಂಭಾಳಿಸುವ ಬದಲು ಯಾರಿಗಾದರೂ ತೋರಿಸುವುದು ಒಳ್ಳೆಯದು. ಖಿನ್ನತೆ 21, ಆತಂಕ 15, ಒತ್ತಡ 26 ಮುಟ್ಟಿದರೆ ತೀವ್ರ. ಇದು ರೋಗನಿರ್ಣಯ ಅಲ್ಲ, ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಇದೆ ಅನ್ನುತ್ತದೆ, ಮಲೇರಿಯಾವೋ ಟೈಫಾಯಿಡೋ ಅನ್ನುವುದಿಲ್ಲ.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಆತಂಕದ ಸಾಲುಗಳಲ್ಲಿ ‘ಬಾಯಿ ಒಣಗಿದ ಅನುಭವ’ ಅಂತ ಒಂದಿದೆ. ಮೇ ತಿಂಗಳ ಕಲಬುರಗಿಯಲ್ಲಿ, 42-43 ಡಿಗ್ರಿಯಲ್ಲಿ, ಕೂಲರ್ ಕೆಟ್ಟ ವಾರ್ಡಿನಲ್ಲಿ ಎಂಟು ತಾಸು ನಿಂತವರ ಬಾಯಿ ಒಣಗದೇ ಇರುತ್ತದೆಯೇ? ನೀರು ಕುಡಿದರೆ ಹೋಗುವ ಒಣಗುವಿಕೆಗೆ ಅಂಕ ಕೊಡಬೇಡಿ. ನೀರು ಕುಡಿದರೂ, ವೈವಾದ (ಬಾಯಿಪರೀಕ್ಷೆಯ) ಹೆಸರು ಕೇಳಿದ ಕೂಡಲೇ ನಾಲಿಗೆ ಅಂಗುಳಕ್ಕೆ ಅಂಟಿಕೊಂಡರೆ ಕೊಡಿ. ಇನ್ನೊಂದು: ಡಾಸ್-21ರಲ್ಲಿ ಆತ್ಮಹತ್ಯೆಯ ಯೋಚನೆಯನ್ನು ನೇರವಾಗಿ ಕೇಳುವ ಸಾಲು ಇಲ್ಲ. ಖಿನ್ನತೆ ಅಳೆಯುವ ಇನ್ನೊಂದು ಹಾಳೆ ಪಿಎಚ್‌ಕ್ಯೂ-9ರಲ್ಲಿ ಒಂಬತ್ತನೆಯದು ಅದೇ. ಡಾಸ್ ಅಂಕ ಕಡಿಮೆ ಬಂದರೂ ಅಂಥ ಯೋಚನೆ ಇದ್ದರೆ ಅಂಕ ಪಕ್ಕಕ್ಕಿಡಿ, ಸಹಾಯ ಕೇಳಿ.

ಮೂರನೇ ಹೆಜ್ಜೆ: ರಕ್ತ ಪರೀಕ್ಷೆಗೆ ಕೊಡಿ

ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯಿಡ್ ಪರೀಕ್ಷೆ), ಸಾಧ್ಯವಾದರೆ ಬಿ12. ರಕ್ತ ಕಡಿಮೆ ಇದ್ದರೆ ಮೆಟ್ಟಿಲು ಹತ್ತಿದರೆ ಎದೆ ಡವಡವ, ಸುಸ್ತು, ಓದಿದ್ದು ತಲೆಗೆ ಹತ್ತುವುದಿಲ್ಲ. ಥೈರಾಯಿಡ್ ಇಳಿದರೆ ಸಾಕ್ಷಾತ್ ಖಿನ್ನತೆಯಂತೆಯೇ ಕಾಣುತ್ತದೆ, ಏರಿದರೆ ಆತಂಕದಂತೆ. ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಪರೀಕ್ಷೆಯಲ್ಲಿ ಬರೆಯುತ್ತೇವೆ. ಬರೆಯುವ ಕೈಯದೇ ಎಷ್ಟಿದೆ ಅಂತ ನೋಡಿರುವುದಿಲ್ಲ. ಮುಟ್ಟಿನ ಹಿಂದಿನ ವಾರದಲ್ಲೇ ಪ್ರತಿ ತಿಂಗಳು ಮನಸ್ಸು ಕುಸಿಯುತ್ತಿದ್ದರೆ ಚಾರ್ಟಿನಲ್ಲಿ ಆ ತಾರೀಕಿಗೆ ಗುರುತು ಹಾಕಿ. ವೈದ್ಯರಿಗೆ ಅದು ಬಹಳ ಉಪಯೋಗ.

ಒತ್ತಡ ಅನ್ನಿಸಿದರೆ

ಒತ್ತಡಕ್ಕೆ ಧ್ಯಾನ ಮಾಡಿ ಅಂತ ಹೇಳುವವರು ಬಹಳ. ಮೊದಲು ಹೊರಗಿನ ಭಾರ ಇಳಿಸಿ. ಇಳಿಸಲು ಬರುವುದಿಲ್ಲ ಅನ್ನುವುದರ ಮಾತು ಆಮೇಲೆ.

ನಮ್ಮ ಭಾಗದ ಹುಡುಗಿಯರ ದೊಡ್ಡ ಭಾರ ಭಾಷೆ. ಹತ್ತನೇವರೆಗೆ ಕನ್ನಡ ಮಾಧ್ಯಮ, ಪಿಯುಸಿಯನ್ನು ಹೇಗೋ ದಾಟಿಸಿ ಬಂದರೆ ಮೊದಲ ಸೆಮಿಸ್ಟರ್‌ಗೇ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸೋಷಿಯಾಲಜಿ, ನರ್ಸಿಂಗ್ ಫೌಂಡೇಶನ್, ಎಲ್ಲಾ ಇಂಗ್ಲಿಷಿನಲ್ಲಿ. ಚಿಂಚೋಳಿ, ಅಫಜಲಪುರ, ಶಹಾಪುರದ ಕಡೆಯಿಂದ ಬಂದವರು ಕ್ಲಾಸಿನಲ್ಲಿ ಬಾಯಿ ಬಿಡದಿದ್ದರೆ ದಡ್ಡರು ಅಂತಲ್ಲ. ಇದಕ್ಕೆ ನನಗೆ ಫಲ ಕೊಟ್ಟದ್ದು ಒಂದೇ ಉಪಾಯ: ಪಾಠವನ್ನು ಮೊದಲು ಕನ್ನಡದಲ್ಲಿ ಅವ್ವನಿಗೆ ಹೇಳುವಂತೆ ಹೇಳಿಕೊಳ್ಳುವುದು. “ಹೃದಯದಾಗ ನಾಕು ಖೋಲಿ ಅವ, ಮ್ಯಾಲಿನ ಎರಡು ರಕ್ತ ತಗೋತಾವ, ಕೆಳಗಿನ ಎರಡು ಹೊರಗ ನೂಕ್ತಾವ.” ಆಮೇಲೆ ಅದೇ ನಾಲ್ಕು ಸಾಲಿಗೆ ಇಂಗ್ಲಿಷ್ ಹೆಸರು ಕೂಡಿಸುವುದು. ದಿನಕ್ಕೆ ಹತ್ತು ಶಬ್ದ ಸಾಕು. ಮೊದಲ ಇಂಟರ್ನಲ್‌ನಲ್ಲಿ ಕಡಿಮೆ ಬರುತ್ತದೆ. ಬರಲಿ.

ಎರಡನೇ ಭಾರ ಹಾಜರಿ. ಹುಷಾರಿಲ್ಲದಿದ್ದರೂ ಡ್ಯೂಟಿಗೆ ಹೋಗಿ ಅಲ್ಲೇ ತಲೆತಿರುಗಿ ಬೀಳುವುದು ಈ ಭಯದಿಂದ. ನಿಯಮ ಏನು ಹೇಳುತ್ತದೆ ಅಂತ ಓದಿಕೊಳ್ಳಿ. 2021ರಲ್ಲಿ ಬಂದ ಭಾರತೀಯ ನರ್ಸಿಂಗ್ ಪರಿಷತ್ತಿನ ಹೊಸ ನಿಯಮದಂತೆ ಬಿಎಸ್ಸಿ ನರ್ಸಿಂಗ್ ಎಂಟು ಸೆಮಿಸ್ಟರ್. ಪರೀಕ್ಷೆಗೆ ಕೂರಲು 80 ಶೇಕಡಾ ಹಾಜರಿ ಬೇಕು. ಕ್ಲಿನಿಕಲ್ (ವಾರ್ಡ್ ಡ್ಯೂಟಿ) ಮಾತ್ರ 100 ಶೇಕಡಾ, ಆದರೆ ಅದನ್ನು ಪದವಿ ಕೈಗೆ ಬರುವುದರೊಳಗೆ ತುಂಬಿಸಿದರೆ ಆಯಿತು. ಅಂದರೆ ಮೂರು ದಿನ ಹಾಸಿಗೆ ಹಿಡಿದರೆ ವರ್ಷ ಹೋಗುವುದಿಲ್ಲ, ಆ ಮೂರು ದಿನ ಆಮೇಲೆ ಮಾಡಿಕೊಡಬೇಕು. ಕ್ಲಾಸ್ ಕೋಆರ್ಡಿನೇಟರ್ ಹತ್ತಿರ ಹೋಗಿ, “ಮೇಡಂ, ನಂದು ಎಷ್ಟು ತಾಸು ಬಾಕಿ ಅದರಿ, ಯಾವಾಗ ತುಂಬಸ್ಲಿ?” ಅಂತ ಅಂಕಿಯಲ್ಲೇ ಕೇಳಿ. ಅಳುತ್ತ ಕೇಳಿದರೆ ಸಮಾಧಾನ ಸಿಗುತ್ತದೆ, ಅಂಕಿ ಕೇಳಿದರೆ ತಾರೀಕು ಸಿಗುತ್ತದೆ.

ನೈಟ್ ಡ್ಯೂಟಿ ಮುಗಿಸಿ ಬಂದವರ ನಿದ್ದೆ ನಮ್ಮ ಬಿಸಿಲಿನಲ್ಲಿ ಬೇರೆಯೇ ಸಮಸ್ಯೆ. ಹಾಸ್ಟೆಲ್‌ನ ಮೇಲಿನ ಮಹಡಿಯ ಸ್ಲ್ಯಾಬ್ ಬೆಳಗ್ಗೆ ಹತ್ತಕ್ಕೇ ಕಾದಿರುತ್ತದೆ. ಕೆಳಗಿನ ಮಹಡಿಯ ರೂಮಿನವರ ಜೊತೆ ಆ ವಾರದ ಮಟ್ಟಿಗೆ ಹಾಸಿಗೆ ಬದಲಿಸಿಕೊಳ್ಳಲು ವಾರ್ಡನ್ ಹತ್ತಿರ ಕೇಳಿ. ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿ. ಕತ್ತಲೂ ಆಯಿತು, ತಂಪೂ ಆಯಿತು. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು, ಹಾಗಾಗಿ ನಸುಕಿನ ಎರಡರ ನಂತರ ಚಹಾ ಬೇಡ. ಡ್ಯೂಟಿಯಿಂದ ಬಂದ ಕೂಡಲೇ ಎರಡು ರೊಟ್ಟಿ, ಮೊಸರು, ಶೇಂಗಾ ಹಿಂಡಿ ತಿಂದು ಮಲಗಿ. ಖಾಲಿ ಹೊಟ್ಟೆಗೆ ನಿದ್ದೆ ನಿಲ್ಲುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ: ಸ್ಕಾಲರ್‌ಶಿಪ್ ಅರ್ಜಿಯ ಸ್ಥಿತಿಯನ್ನು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೀವೇ ನೋಡಿ, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಫೀ ಕಂತಿನಲ್ಲಿ ಕಟ್ಟುತ್ತೇನೆ ಅಂತ ಬಾಯಿಮಾತಿನಲ್ಲಿ ಹೇಳದೆ ಅರ್ಜಿ ಬರೆದು ಕೊಡಿ. ರ‍್ಯಾಗಿಂಗ್ ಆಗುತ್ತಿದ್ದರೆ ಅದನ್ನು ಒತ್ತಡ ಅಂತ ಕರೆಯುವುದೇ ತಪ್ಪು. 1800-180-5522 ರಾಷ್ಟ್ರೀಯ ಸಹಾಯವಾಣಿ.

ಹುಡುಗರ ಒಂದು ಮಾತು ಹೇಳಲೇಬೇಕು. “ಗಂಡಸಾಗಿ ನರ್ಸಿಂಗ್ ಓದ್ತಾನ” ಅನ್ನುವ ಮಾತನ್ನು ಊರ ಕಟ್ಟೆಯ ಮೇಲೂ ಕೇಳಿ, ಲೇಬರ್ ರೂಮಿನ ಬಾಗಿಲಲ್ಲೂ ಕೇಳಿ, ನಕ್ಕು ಸುಮ್ಮನಾಗುವುದನ್ನು ಅವರು ಕಲಿತುಬಿಡುತ್ತಾರೆ. ಹುಡುಗಿಯರು ರಾತ್ರಿ ಒಬ್ಬರ ಹೆಗಲಿಗೆ ಒಬ್ಬರು ಒರಗಿ ಅತ್ತಾದರೂ ಮಲಗುತ್ತಾರೆ. ಇವರಿಗೆ ಅದೂ ಇಲ್ಲ. ಸಿಟ್ಟು, ಗುಟ್ಕಾ, ಕುಡಿತ ಶುರುವಾಗಿದ್ದರೆ ಅದನ್ನೂ ಚಾರ್ಟಿನಲ್ಲಿ ಬರೆಯಿರಿ.

ಆತಂಕ ಅನ್ನಿಸಿದರೆ

ನನ್ನ ಬಿಪಿ ಕಥೆಗೆ ವಾಪಸ್ ಬರುತ್ತೇನೆ. ಮೂರು ವಾರ ತಪ್ಪಿಸಿಕೊಂಡ ಮೇಲೆ ಒಬ್ಬ ಟ್ಯೂಟರ್ ಮೇಡಂಗೆ ಗೊತ್ತಾಯಿತು. ಬೈಯಲಿಲ್ಲ. “ಇವತ್ತಿಂದ ರಾತ್ರಿ ಊಟ ಆದ ಮ್ಯಾಲ ಹಾಸ್ಟೆಲ್‌ನಾಗ ಹತ್ತು ಮಂದಿದು ಬಿಪಿ ನೋಡಿ ಬರಕೊಂಡು ಬಾ” ಅಂದರು. ಮೊದಲ ದಿನ ರೂಮ್‌ಮೇಟ್ ಒಬ್ಬಳದೇ ಐದು ಸಲ ನೋಡಿದೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಕಫ್ ಏರಿಸುವುದು, ನಾಡಿ ನಿಂತ ಅಂಕಿಯ ಮೇಲೆ ಇನ್ನೂ 30 ಏರಿಸುವುದು, ಆಮೇಲೆ ನಿಧಾನ ಇಳಿಸುತ್ತ ಕೇಳುವುದು. ಮೂರನೇ ಸಲಕ್ಕೆ ಮೊದಲ ‘ಟಕ್’ ಕೇಳಿತು. ಆ ಸದ್ದು ಇವತ್ತಿಗೂ ನೆನಪಿದೆ. ನಾಲ್ಕನೇ ದಿನ ಮೆಸ್ಸಿನ ಅಕ್ಕಂದಿರದು, ವಾಚ್‌ಮನ್ ಕಾಕಾನದು. ಎಂಟನೇ ದಿನ ವಾರ್ಡಿನಲ್ಲಿ ಮೇಡಂ ಪಕ್ಕದಲ್ಲಿ ನಿಂತಾಗ ಒಬ್ಬ ರೋಗಿಯದು. ಕೈ ನಡುಗುತ್ತಿತ್ತು, ಆದರೂ ಅಂಕಿ ಸರಿ ಬಂತು.

ಆತಂಕದ ಚಿಕಿತ್ಸೆಯ ತಿರುಳು ಇಷ್ಟೇ. ಹೆದರಿಕೆಯ ಕೆಲಸವನ್ನು ಮೆಟ್ಟಿಲು ಮಾಡಿ, ಕೆಳಗಿನದರಿಂದ ಹತ್ತುವುದು. ನೀವು ತಪ್ಪಿಸಿಕೊಳ್ಳುತ್ತಿರುವುದು ಐವಿ ಹಾಕುವುದೇ? ಮೊದಲು ಲ್ಯಾಬಿನ ಮಾನಿಕಿನ್ (ಗೊಂಬೆ) ಕೈ, ಆಮೇಲೆ ಇನ್ನೊಬ್ಬರು ಹಾಕುವಾಗ ಟ್ರೇ ಹಿಡಿಯುವುದು, ಆಮೇಲೆ ರಕ್ತನಾಳ ಗುರುತಿಸುವುದು ಮಾತ್ರ, ಆಮೇಲೆ ಸಿಸ್ಟರ್ ಎದುರು ಒಂದು. ಪ್ರತಿ ಮೆಟ್ಟಿಲಲ್ಲೂ ಭಯ ಏರಿ ತಾನಾಗಿ ಅರ್ಧ ಇಳಿಯುವವರೆಗೆ ನಿಲ್ಲಿ. ಏರಿದ ಹೊತ್ತಿಗೇ ಓಡಿದರೆ, ಓಡಿದ್ದಕ್ಕೇ ಬಚಾವಾದೆ ಅಂತ ಮೆದುಳು ಬರೆದುಕೊಳ್ಳುತ್ತದೆ. ವೈವಾಕ್ಕೂ ಇದೇ. ಗೆಳತಿಯನ್ನು ಎಕ್ಸಾಮಿನರ್ ಮಾಡಿ ಕೂರಿಸಿ, ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೇ ಕೇಳಲು ಹೇಳಿ. “ಗೊತ್ತಿಲ್ಲ ಮೇಡಂ, ಓದಿ ಹೇಳ್ತೀನಿ” ಅನ್ನುವುದನ್ನು ಬಾಯಿಗೆ ರೂಢಿ ಮಾಡಿ.

ಒಮ್ಮೆಲೇ ಎದೆ ಹೊಡೆದುಕೊಂಡು, ಉಸಿರು ಸಿಗದಂತಾಗಿ, ಈಗ ಸತ್ತೇಹೋಗುತ್ತೇನೆ ಅನ್ನಿಸಿದರೆ ಅದು ಪ್ಯಾನಿಕ್ ಅಟ್ಯಾಕ್ ಇರಬಹುದು. ಮೊದಲ ಸಲ ಆದಾಗ ಡ್ಯೂಟಿ ಡಾಕ್ಟರ್‌ಗೆ ತೋರಿಸಿ, ಇಸಿಜಿ ಮಾಡಿಸಿ, ಹೃದಯದ್ದಲ್ಲ ಅಂತ ಖಾತ್ರಿಯಾಗಲಿ. ಆಮೇಲೆ ಬಂದರೆ ಗಡಿಯಾರ ನೋಡಿ. ಸುಮಾರು ಹತ್ತು ನಿಮಿಷಕ್ಕೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಜೋರಾಗಿ ಎಳೆಯುವುದು ಬೇಡ, ಜೋರಾದಷ್ಟೂ ಕೈ ಜೋಮು ಹೆಚ್ಚುತ್ತದೆ.

ಇಲ್ಲಿ ನಮ್ಮವರಿಗೇ ಇರುವ ಒಂದು ಅಪಾಯವಿದೆ. ಮಾತ್ರೆಗಳು ಕೈಯಳತೆಯಲ್ಲಿರುತ್ತವೆ. “ಅರ್ಧ ಆಲ್‌ಪ್ರಾಕ್ಸ್ ತಗೊಂಡ್ರ ನಿದ್ದಿ ಬರ್ತದ” ಅನ್ನುವ ಸೀನಿಯರ್ ಪ್ರತಿ ಹಾಸ್ಟೆಲ್‌ನಲ್ಲೂ ಒಬ್ಬಳಿರುತ್ತಾಳೆ. ಆಲ್‌ಪ್ರಾಜೋಲಾಂ ರೂಢಿ ಹಿಡಿಸುವ ಔಷಧ. ವೈದ್ಯರು ಬರೆಯದೆ ಮುಟ್ಟಬೇಡಿ.

ಖಿನ್ನತೆ ಅನ್ನಿಸಿದರೆ

ನಮ್ಮ ರೂಮಿನಲ್ಲಿ ಒಬ್ಬಳಿದ್ದಳು. ಹೆಸರು ಬೇಡ. ಯೂನಿಫಾರ್ಮ್‌ಗೆ ದಿನಾ ಇಸ್ತ್ರಿ ಇರುತ್ತಿತ್ತು, ಡ್ಯೂಟಿಗೆ ಒಂದು ದಿನ ತಡವಾಗಲಿಲ್ಲ, ಹಾಗಾಗಿ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಕೂದಲಿನಿಂದ. ಭಾನುವಾರ ಬಿಸಿಲಿಗೆ ಕೂತು ಎಣ್ಣೆ ಹಚ್ಚಿ ಎರಡು ಜಡೆ ಹೆಣೆದುಕೊಳ್ಳುವುದು ಅವಳ ಹಬ್ಬ. ಅದು ನಿಂತಿತ್ತು. ವಾರಗಟ್ಟಲೆ ಅದೇ ಗಂಟು, ಅದರ ಮೇಲೆ ನೆಟ್ ಹಾಕಿ ಡ್ಯೂಟಿಗೆ. ಕೇಳಿದರೆ ತಲೆನೋವು ಅನ್ನುತ್ತಿದ್ದಳು. ನಮ್ಮ ಮಂದಿ ಮನಸ್ಸಿನದನ್ನು ಮೈಯಲ್ಲೇ ಹೇಳುವುದು: ತಲಿ ಭಾರ, ಮೈ ಜಡ, ಹೊಟ್ಟಿ ಉರಿ, ನಿದ್ದಿ ಹತ್ತವಲ್ದು. ಮೂರು ಸಲ ಜನರಲ್ ಒಪಿಡಿಗೆ ಹೋಗಿ ನೋವಿನ ಗುಳಿಗೆ, ಗ್ಯಾಸಿನ ಗುಳಿಗೆ ತಂದಳು. ನಾಲ್ಕನೇ ಸಲ ನಾನು ಜೊತೆ ಹೋಗಿ ಸೈಕಿಯಾಟ್ರಿ ಚೀಟಿ ಮಾಡಿಸಿದೆ.

ಎಲ್ಲಿ ಹೋಗಬೇಕು? ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಇವುಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಪೋಸ್ಟಿಂಗ್ ಇರುವ ಆಸ್ಪತ್ರೆಯಲ್ಲೇ ತೋರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ಸಂಕೋಚ ಇದ್ದರೆ ತಾಲೂಕು ಆಸ್ಪತ್ರೆ ನೋಡಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಈ ವಾರ ಬರುತ್ತಾರೆಯೇ ಅಂತ ಊರಿನ ಆಶಾ ಅಕ್ಕನಿಗೆ ಮೊದಲೇ ಕೇಳಿಸಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜೂ ಇಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಗಿದ್ದೇ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿನೋಡಿದ ಪ್ರಯೋಗದ ಮೇಲೆ. ಈ ಭಾಗಕ್ಕೆ ಇದೇನೂ ಪರದೇಶದ ವಸ್ತು ಅಲ್ಲ.

ಚೀಟಿ ಕಾಲೇಜಿಗೆ ಹೋಗುತ್ತದೆಯೇ, ನಾಳೆ ನೌಕರಿಗೆ ಅಡ್ಡ ಬರುತ್ತದೆಯೇ ಅನ್ನುವುದು ಎಲ್ಲರ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು. ಕೆಲವೇ ಕೆಲವು ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ. ಮಾರ್ಕ್ಸ್ ಕಾರ್ಡಿನ ಮೇಲೆ ಅದೇನೂ ಅಚ್ಚಾಗುವುದಿಲ್ಲ.

ಒಳಗೆ ಏನು ಕೇಳುತ್ತಾರೆ? ಯಾವಾಗಿನಿಂದ, ನಿದ್ದೆ ಹೇಗೆ, ಹಸಿವು ಹೇಗೆ, ಮನೆಯಲ್ಲಿ ಯಾರಿಗಾದರೂ ಇತ್ತೇ, ಸಾಯಬೇಕು ಅನ್ನಿಸಿದೆಯೇ. ನಿಮ್ಮ ಏಳು ದಿನದ ಚಾರ್ಟ್, ರಕ್ತದ ರಿಪೋರ್ಟ್ ಮುಂದಿಡಿ. ಒಪಿಡಿಯಲ್ಲಿ ಸಿಗುವ ಹತ್ತು ನಿಮಿಷದಲ್ಲಿ ಅದು ಅರ್ಧ ಮಾತು ಮುಗಿಸುತ್ತದೆ. ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆ ಮಾತ್ರ ಹೇಳಬಹುದು. ಮಾತ್ರೆ ಬರೆದರೆ ಹೆಚ್ಚಾಗಿ ಎಸಿಟಲೋಪ್ರಾಂ, ಸರ್ಟ್ರಲಿನ್‌ನಂಥವು. ಮೊದಲ ವಾರ ಹೊಟ್ಟೆ ತೊಳಸುತ್ತದೆ, ತಲೆ ನೋಯಬಹುದು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಹೆಚ್ಚಿನವರು ಬಿಡುವುದು ಸರಿಯಾಗಿ ಈ ನಡುವಿನಲ್ಲೇ, ತ್ರಾಸು ಶುರುವಾಗಿ ಗುಣ ಇನ್ನೂ ಕಾಣದಿರುವಾಗ. ಇವು ನಶೆಯ ಮಾತ್ರೆಗಳಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು. ಹುಷಾರಾದ ಮೇಲೂ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. 25ರೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ, ಸಾವಿನ ಯೋಚನೆ ಹೆಚ್ಚಾಗುವುದು ಕೆಲವರಲ್ಲಿ ಉಂಟು. ಹಾಗೆ ಅನ್ನಿಸಿದರೆ ಮುಂದಿನ ತಾರೀಕಿಗೆ ಕಾಯದೆ ಅವತ್ತೇ ಹೋಗಿ.

ಮಾತ್ರೆಯ ಜೊತೆ ದಿನಕ್ಕೊಂದು ಸಣ್ಣ ಕೆಲಸ. ಮನಸ್ಸು ಬಂದಮೇಲೆ ಮಾಡುತ್ತೇನೆ ಅಂದರೆ ಬರುವುದೇ ಇಲ್ಲ, ಮಾಡಿದ ಮೇಲೆಯೇ ಸ್ವಲ್ಪ ಬರುವುದು. ಅಪ್ಪನ ಕೆರೆಯ ದಂಡೆಯ ಮೇಲೆ ಹದಿನೈದು ನಿಮಿಷ ಓಡಾಡಿ ಬರುವುದು, ಬಕೆಟ್ ಬಟ್ಟೆಯಲ್ಲಿ ಎರಡೇ ಜೊತೆ ಒಗೆಯುವುದು, ಅಷ್ಟು ಸಣ್ಣದು. ಶರಣಬಸವೇಶ್ವರರ ಗುಡಿಗೆ ಹೋದರೆ, ಬಂದೇನವಾಜರ ದರ್ಗಾಕ್ಕೆ ಹೋದರೆ ಸಮಾಧಾನ ಸಿಗುತ್ತದೆ ಅಂದರೆ ಖಂಡಿತ ಹೋಗಿ, ಮಾತ್ರೆ ನುಂಗಿಯೇ ಹೋಗಿ.

ಮನೆಗೆ ಹೇಳುವುದು

“ಡಿಪ್ರೆಷನ್” ಅಂದರೆ ಅಪ್ಪ-ಅವ್ವನಿಗೆ ಒಂದೋ ತಿಳಿಯುವುದಿಲ್ಲ, ಇಲ್ಲವೇ ಹುಚ್ಚು ಅಂತ ತಿಳಿಯುತ್ತದೆ. ಗಾಳಿ ಸೋಕಿದೆ ಅಂತ ತಾಯತ ತರುತ್ತಾರೆ, ಓದು ಬಿಡಿಸಿ ಮದುವೆ ಮಾಡುತ್ತೇವೆ ಅನ್ನುತ್ತಾರೆ. ಹಾಗಾಗಿ ಅವರ ಮಾತಿನಲ್ಲೇ ಹೇಳಿ: “ಯವ್ವಾ, ಒಂದು ತಿಂಗಳಾತು ನಿದ್ದಿ ಇಲ್ಲ, ಊಟ ಸೇರವಲ್ದು, ಡಾಕ್ಟರ್ ಗುಳಿಗಿ ಕೊಟ್ಟಾರ, ಆರು ತಿಂಗಳು ತಗೋಬೇಕಂತ.” ಇಷ್ಟು ಸಾಕು. ಸಿಟ್ಟಿನ ಅಪ್ಪನಿಗೆ ನೇರ ಹೇಳುವ ಬದಲು ಮೊದಲು ಸೋದರಮಾವನಿಗೋ ದೊಡ್ಡಕ್ಕನಿಗೋ ಹೇಳಿ ಅವರ ಬಾಯಿಂದ ದಾಟಿಸಿ.

ರೂಮ್‌ಮೇಟ್ ಆಗಿ ನೀವು ಮಾಡಬೇಕಾದ್ದು

“ಧೈರ್ಯ ತಗೋ, ಎಲ್ಲಾ ಸರಿ ಆಗ್ತದ” ಅನ್ನುವುದನ್ನು ಒಂದು ದಿನ ಬಿಟ್ಟುನೋಡಿ. ಅದರ ಬದಲು ಕಂಡದ್ದನ್ನು ಹೇಳಿ: “ಎರಡು ವಾರ ಆತು, ನೀ ಜಡಿ ಹಾಕ್ಕೊಂಡಿಲ್ಲ.” ಆಮೇಲೆ ಸುಮ್ಮನೆ ಕೂಡಿ. ಅನುಮಾನ ಇದ್ದರೆ ನೇರವಾಗಿ ಕೇಳಿ: “ಸಾಯಬ್ಯಾಕು ಅಂತ ಅನ್ನಸ್ಲಿಕತ್ತದೇನು?” ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದದ್ದು ಹೊರಗೆ ಬರುತ್ತದೆ. ಹೌದು ಅಂದರೆ ಅವಳನ್ನು ಒಬ್ಬಳೇ ಬಿಡಬೇಡಿ, ಅವಳ ಬಳಿ ಮಾತ್ರೆಗಳಿದ್ದರೆ ನಿಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿ, 14416ಕ್ಕೆ ಮಾತಾಡಿಸಿ, ವಾರ್ಡನ್‌ಗೆ ತಿಳಿಸಿ. “ಯಾರಿಗೂ ಹೇಳಬ್ಯಾಡ” ಅಂತ ಆಣೆ ಹಾಕಿಸಿಕೊಂಡಿದ್ದರೂ ಈ ಒಂದು ವಿಷಯದಲ್ಲಿ ಆಣೆ ಮುರಿಯಿರಿ. ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಮುಚ್ಚಿಡುವವರೂ ಇದ್ದಾರೆ. ಅದೇ 2017ರ ಕಾಯ್ದೆಯ 115ನೇ ಕಲಂ ಪ್ರಕಾರ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಿ ಆರೈಕೆ ಕೊಡಬೇಕು, ಶಿಕ್ಷಿಸುವಂತಿಲ್ಲ.

ನಮ್ಮ ರೂಮಿನವಳ ಮಾತ್ರೆ ನನ್ನ ಟ್ರಂಕಿನಲ್ಲಿ ಎರಡು ತಿಂಗಳಿತ್ತು. ರಾತ್ರಿ ಊಟದ ಮೇಲೆ ಒಂದು ತೆಗೆದುಕೊಡುತ್ತಿದ್ದೆ. ಬಾಗಿಲ ಹಿಂದೆ ಅಂಟಿಸಿದ ಡ್ಯೂಟಿ ರೋಸ್ಟರಿನಲ್ಲಿ ಅವಳ ಫಾಲೋಅಪ್ ತಾರೀಕಿನ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದೆವು, ನೋಡಿದವರಿಗೆ ಏನೂ ತಿಳಿಯದ ಹಾಗೆ. ಆ ದಿನ ಅವಳಿಗೆ ಬೆಳಗಿನ ಪಾಳಿ ಬಂದಿದ್ದರೆ ಯಾರಾದರೊಬ್ಬರು ಇನ್‌ಚಾರ್ಜ್ ಸಿಸ್ಟರ್‌ಗೆ ಕೇಳಿ ಬದಲಿಸಿಕೊಳ್ಳುತ್ತಿದ್ದೆವು. ಆರನೇ ವಾರದ ಭಾನುವಾರ ಅವಳು ಎಣ್ಣೆ ಬಾಟಲಿ ಹಿಡಿದು ಬಂದು, “ಹಿಂದಿನ ಸಿಕ್ಕು ನನಗ ಬಿಡಸಲಿಕ್ಕ ಬರವಲ್ದು, ಸ್ವಲ್ಪ ಬಿಡಸು” ಅಂತ ನನ್ನ ಮುಂದೆ ಕೂತಳು. ಬಿಡಿಸಲು ಒಂದು ತಾಸು ಹಿಡಿಯಿತು.